ಎರಡು ಹಸುವಿನ ಹಕ್ಕು

ನ್ಯೂಕಾಸಲ್ ಎಂಬ ಊರು ಬಾಯಿಗಿಟ್ಟೂ
ನುಂಗದೆ ಬಿಟ್ಟ ತುತ್ತು ಈ ಗೋಮಾಳ.
ಸುತ್ತ ಬಸ್ಸು, ಆಸ್ಪತ್ರೆ, ಕಾಲೇಜು; ನಡುವೆ
ಮೆಲುಕು ಹಾಕುತ್ತ ಹಸು.

ಮೂರನೇ ಮಹಡಿಯ ಕಿಟಕಿಯಲ್ಲಿ ಹೆಟ್ಟಿ ರಾಬ್ಸನ್
ಬೆರಳು ಚಾಚಿ ನನಗೆ ನೆಲ ಓದಿಸುತ್ತಾಳೆ:
ಆ ಏರಿಳಿತ ಯಾವ ಕಾಲದ್ದೋ ನೇಗಿಲಿನದು,
ಆ ಗುಳಿ, ಕಲ್ಲಿದ್ದಲು ತೆಗೆದವರು ಬಾಯಿ ಮುಚ್ಚಿದ ಬಾವಿ,
ಆ ಗುಡ್ಡ ದೇವರು ಮಾಡಿದ್ದಲ್ಲ ಕಣೆ,
ಹೆದ್ದಾರಿಗೆಂದು ತೋಡಿದ ಮಣ್ಣು.
ಅಲ್ಲೇ, ಯುದ್ಧದ ವರ್ಷ, ನಮ್ಮವ್ವ ಆಲೂಗಡ್ಡೆ ಅಗೆದದ್ದು,
ಹ್ಯಾಟು ತೆಗೆಯದೆ.

ಗಂಡ ಕತ್‌ಬರ್ಟ್ ಸತ್ತಾಗ ಕೈಗೆ ಬಂದ ಆಸ್ತಿ
ಒಂದು ಕಾಗದ: ವಿಧವೆಗೆ ಎರಡು ಹಸು ಮೇಯಿಸುವ ಹಕ್ಕು.
ಹಸು ಕೊಟ್ಟವರಿಲ್ಲ. ಕೊಟ್ಟರೂ ಲಿಫ್ಟಿನಲ್ಲಿ ಹಿಡಿಸುವುದಿಲ್ಲ
ಎಂದು ನಗುತ್ತಾಳೆ, ಕೆಮ್ಮುತ್ತಾಳೆ.

ಹಾಗಾಗಿ ದಿನಾ ಬೆಳಿಗ್ಗೆ ಎರಡನ್ನು ಆರಿಸಿಕೊಳ್ಳುತ್ತಾಳೆ.
ನಿನ್ನೆ, ಕಿವಿ ಹರಿದ ಕೆಂಚಿ, ಮತ್ತದರ ಜಗಳಗಂಟಿ ಗೆಳತಿ.
ಇವತ್ತು ಮಂಜು. ಗಾಜಿನಾಚೆ ಬರೀ ಬಿಳಿ.
ತಡಿ, ಅನ್ನುತ್ತಾಳೆ, ಕಿಟಕಿ ತೆರೆದು.
ಎಲ್ಲೋ ಕೆಳಗೆ ಒಂದು ಹಸು ಕೆಮ್ಮಿತು.
'ಒಂದಾಯ್ತು.'

ಇನ್ನೊಂದಕ್ಕೆ ಕಾಯುತ್ತ ಕೂತಿದ್ದೇವೆ,
ಚಹಾ ಆರುತ್ತಿದೆ.