ವ-ಒತ್ತು

ಮಾನ್ಯ ಶಾಸಕರಿಗೆ,
ಶಿವಮೊಗ್ಗದ ಹಳೇ ಕೋರ್ಟಿನ ಕಾಂಪೌಂಡು ಗೋಡೆಗೆ ಬೆನ್ನಿಟ್ಟು
ಮೂವತ್ತೊಂಬತ್ತು ವರ್ಷದಿಂದ ಅರ್ಜಿ ಹೊಡೆಯುವವನು
ಬರೆದುಕೊಳ್ಳುವುದೇನೆಂದರೆ,

ಬಗರ್‌ಹುಕುಂ, ಪಡಿತರ ಚೀಟಿ, ಸುಟ್ಟ ಟಿ.ಸಿ.,
ಕಾಡುಕೋಣ ಮೇದ ಗದ್ದೆ, ವಿಧವಾ ವೇತನ,
ಎಲ್ಲವನ್ನೂ ಕಣ್ಣು ಮುಚ್ಚಿ ಹೊಡೆದೇನು.
ಈ ಅರ್ಜಿಗೆ ಮಾತ್ರ
ಮೂರು ಹಾಳೆ ಹಾಳಾದವು.

ವಿಷಯ: ಸುಗುಣಾ.
ಇಲ್ಲ, ಹಾಗೆ ಬರೆಯುವಂತಿಲ್ಲ.
ವಿಷಯದಲ್ಲಿ ಮನುಷ್ಯರು ಬರಬಾರದು.

ದುರ್ಗಿಗುಡಿ ಅಡ್ಡರಸ್ತೆಯ ಇಸ್ತ್ರಿ ಗಾಡಿ ಅವಳದ್ದು.
ಕೆಂಡ ಊದಿ ಊದಿ ದನಿ ಒಡೆಯಿತು ಎನ್ನುತ್ತಾಳೆ,
ನಂಬುವವರು ನಂಬುತ್ತಾರೆ.
ನಿಮ್ಮ ಹಿಂದೆ ಓಡಾಡುವವರ ಬಿಳಿ ಅಂಗಿಗಳ
ಆ ಚೂರಿಯಂಥ ಮಡಿಕೆ ಅವಳ ಕೈಯದು.
ಹೋದ ಮಂಗಳವಾರ ರಾತ್ರಿ ಬಸ್‌ಸ್ಟ್ಯಾಂಡಿನ ಹಿಂದೆ
ನಾಲ್ವರು ಅಡ್ಡಗಟ್ಟಿ ಕೇಳಿದ್ದು ಒಂದೇ ಪ್ರಶ್ನೆ:
"ನೀ ಏನು?"
ಉತ್ತರಕ್ಕೆ ಕಾಯಲಿಲ್ಲ.
ದವಡೆ ಎರಡು ಕಡೆ. ಜಡೆ ಕತ್ತರಿಸಿ ಚರಂಡಿಗೆ.
ರವಿಕೆಯೊಳಗಿನ ನಾನೂರ ಎಂಬತ್ತು ರೂಪಾಯಿ
ಹಾಗೇ ಇತ್ತು. ಮೊಬೈಲೂ ಇತ್ತು.
ಕಳ್ಳರಾಗಿದ್ದರೆ ಎಷ್ಟು ಚೆನ್ನಾಗಿತ್ತು, ಸ್ವಾಮಿ,
ಕಳ್ಳತನಕ್ಕೆ ಕಲಮು ಇದೆ.

ಠಾಣೆಯಲ್ಲಿ ಬರೆದುಕೊಂಡರು:
ಕುಡಿದ ಅಮಲು, ಕ್ಷುಲ್ಲಕ ಕಾರಣ.
ಕ್ಷುಲ್ಲಕ. ನೋಡಿ, ಅದರಲ್ಲಿ ಎರಡು ಒತ್ತು,
ಎರಡೂ ಅವರಿಗೆ ಸಲೀಸಾಗಿ ಬಂದವು.

ನನ್ನ ಟೈಪ್‌ರೈಟರಿನಲ್ಲಿ
ವ-ಒತ್ತಿನ ಕೀಲಿ ಮುರಿದು ಎಷ್ಟೋ ಕಾಲವಾಯಿತು.
ಸ್ವಾಮಿಗೂ ವಿಶ್ವಾಸಕ್ಕೂ
ಪೆನ್ನಿನಲ್ಲೇ ಒತ್ತು ಕೊಟ್ಟು ಬದುಕಿಕೊಂಡೆ.
'ದ್ವೇಷ' ಎಂದು ಹೊಡೆದರೆ
'ದೇಷ' ಎಂದು ಬೀಳುತ್ತದೆ,
ಶಾಲೆ ಬಿಟ್ಟ ಹುಡುಗ
ದೇಶವನ್ನು ತಪ್ಪಾಗಿ ಬರೆದ ಹಾಗೆ.
ಇಷ್ಟು ವರ್ಷ ಆ ಪದ ಬೇಕೇ ಆಗಲಿಲ್ಲವೆ?
ಬೇಕಾಗಿತ್ತು.

ಎಂಬತ್ತೇಳರಲ್ಲಿ, ಟೈಪಿಂಗ್ ಕ್ಲಾಸಿನ ಪಕ್ಕದ ಬೆಂಚಿನ ತಿಮ್ಮೇಶನನ್ನು
ತುಂಗೆಯ ಸೇತುವೆ ಕೆಳಗಿಂದ ಎತ್ತಿದಾಗ
ಅವನ ಅಪ್ಪ ಹೇಳಿದಂತೆ ನಾನೇ ಹೊಡೆದೆ:
'ಕಾಲು ಜಾರಿ'.
ನನ್ನ ಮೊದಲ ಸಂಪಾದನೆ, ಎರಡು ರೂಪಾಯಿ.
ಬೆನ್ನ ಮೇಲಿನ ಸೈಕಲ್ ಚೈನಿನ ಗೆರೆಗಳು
ಜಾರಿದ್ದಕ್ಕೆ ಮೂಡಿದ್ದಲ್ಲ ಎಂದು ಗೊತ್ತಿತ್ತು.
ಅವನು ನನಗೆ ಏನಾಗಬೇಕು ಎಂಬುದೂ.
ಅದಕ್ಕೆ ಯಾವ ನಮೂನೆಯಲ್ಲೂ ಕಾಲಂ ಇರಲಿಲ್ಲ.
ಆಮೇಲೆ ಮದುವೆಯಾದೆ. ಇರಲಿ.

ನೀವು ವಿಧಾನಸೌಧದ ಮೆಟ್ಟಿಲು ಹತ್ತುವ ಮುಂಚೆ
ಕೇಳಿಕೊಳ್ಳುವುದಿಷ್ಟು.
ಸುಗುಣಾ ಸುಗುಣಾ ಆದದ್ದಕ್ಕೆ ಬಿದ್ದ ಏಟಿಗೆ
ಇರುವ ಕಾನೂನಿನಲ್ಲಿ ಹೆಚ್ಚೆಂದರೆ ಎರಡು ವರ್ಷವಂತೆ,
ವಕೀಲ ಇನಾಯತ್ ತೆಗೆದು ತೋರಿಸಿದ.
ಮೇಕೆ ಕದ್ದರೆ ಮೂರು.
ತಿಮ್ಮೇಶನಂಥವರಿಗೆ ಆ ಎರಡೂ ಇಲ್ಲ.
ಕೈ ಏನು ಮಾಡಿತೆಂದು ಬರೆದರೆ ಸಾಲದು,
ಯಾಕೆ ಎದ್ದಿತೆಂದೂ ಬರೆಯಲು
ಒಂದು ಕಲಮು ಕೊಡಿ.
ಏಟು ಬಿದ್ದದ್ದು ಒಬ್ಬಳಿಗೆ;
ಅವತ್ತಿನಿಂದ ಊರಿನಲ್ಲಿ ಎಷ್ಟು ಜನ
ಕತ್ತಲಾಗುವ ಮೊದಲೇ ಚಿಲಕ ಹಾಕುತ್ತಾರೆ,
ಅವರ ಹೆಸರು ಯಾವ ಎಫ್‌ಐಆರಿನಲ್ಲೂ ಇಲ್ಲ.
ಒಬ್ಬನನ್ನು ನಾನು ಬಲ್ಲೆ.

ನಮ್ಮ ಹುಡುಗರೇ ಜೈಲಿಗೆ ಹೋಗುತ್ತಾರಲ್ಲಪ್ಪ, ಎನ್ನುತ್ತೀರಿ.
ಹೌದು, ನಮ್ಮ ಹುಡುಗರೇ.
ಆ ನಾಲ್ವರಲ್ಲಿ ಒಬ್ಬನ ಸ್ಕಾಲರ್‌ಶಿಪ್ಪಿನ ಅರ್ಜಿ
ಹೊಡೆದುಕೊಟ್ಟದ್ದು ಈ ಯಂತ್ರವೇ.

ಸುಗುಣಾ ಎದುರಿಗೆ ಕೂತಿದ್ದಾಳೆ.
ದವಡೆಗೆ ತಂತಿ ಕಟ್ಟಿದ್ದಾರೆ, ಮಾತಿಲ್ಲ.
ಹಾಳೆ ಓದಿದಳು.
ನನ್ನ ಜೇಬಿನ ಪೆನ್ನು ಕಿತ್ತುಕೊಂಡು
'ದೇಷ'ದ ಕಾಲಡಿಗೆ ತಾನೇ ಒತ್ತು ಕೊಟ್ಟಳು,
ಹಾಳೆ ತೂತಾಗುವಷ್ಟು.

ಕೊನೆಯಲ್ಲಿ 'ತಮ್ಮ ವಿಶಾಸಿ' ಎಂದು ಬಿದ್ದಿದೆ.
ಈ ಸಲ ತಿದ್ದಿಲ್ಲ.
ಆ ಒತ್ತು ನೀವು ಕೊಡಬೇಕು.