ನಾಲ್ಕು ನಿಮಿಷ

ಹೆರಕಲ್ಲಿನ ಹಿನ್ನೀರಿಗೆ ಹಳೆಯ ಡಾಂಬರು ರಸ್ತೆ
ಇಳಿದು ಹೋಗುವಲ್ಲಿ ನಿಲ್ಲಿಸಿದ್ದೇನೆ ಮುಕ್ಕಾಲಿ.
ನಡುಗಂಬಕ್ಕೆ ಜೋತುಬಿಟ್ಟ ಕೈಚೀಲದಲ್ಲಿ
ಎರಡು ಕಲ್ಲು, ನೀರಿನ ಬಾಟಲಿ, ಉಳಿದ ಕಟಕ ರೊಟ್ಟಿ.
ಈ ಗಾಳಿಗೆ ಇಷ್ಟು ಭಾರ ಸಾಕು.

ಹೊತ್ತು ಮುಳುಗಿತೆಂದು ಮಂದಿ ಮನೆಗೆ ಹೋಗುತ್ತಾರೆ.
ಬಣ್ಣ ಬರುವುದು ಆಮೇಲೆ:
ಮೊದಲು ಉಳ್ಳಾಗಡ್ಡಿ ಸಿಪ್ಪೆಯದು, ಆಮೇಲೆ ಇಳಕಲ್ಲ ದಡಿಯದು,
ಕೊನೆಗೆ ಹೆಸರಿಲ್ಲದ ಒಂದು ನೀಲಿ.
ಅದು ಬಂದಾಗ ಕಪ್ಪು ಗಾಜು ಬಿಚ್ಚಿ ಜೇಬಿಗಿಟ್ಟೆ,
ತಂತಿಯ ತುದಿಯ ಗುಂಡಿ ಒತ್ತಿದೆ. ಕಣ್ಣು ತೆರೆಯಿತು.

ಇನ್ನು ನನಗೇನೂ ಕೆಲಸವಿಲ್ಲ.
ಕಾಲು ಬದಲಿಸಬಾರದು, ಅಷ್ಟೇ.
ಸೊಳ್ಳೆಯೊಂದು ಮೊಣಕೈ ಮೇಲೆ ಕೂತು ಸಾವಕಾಶ ಉಂಡಿತು.
ಮುಳುಗಿದ ಜಾಲಿಗಿಡದ ತುದಿಯಲ್ಲಿ ಬೆಳ್ಳಕ್ಕಿ
ನನಗಿಂತ ಚೆನ್ನಾಗಿ ನಿಂತಿತ್ತು.

ಎರಡನೇ ನಿಮಿಷಕ್ಕೆ ಮಲಿಕಸಾಬ ಬಂದ,
ಹರಗೋಲು ಗರಗರ ತಿರುಗಿಸುತ್ತ
ಚೌಕಟ್ಟಿನ ಈ ಅಂಚಿನಿಂದ ಆ ಅಂಚಿಗೆ
ಸ್ವಂತ ಹೊಲ ದಾಟುವವನ ಹಾಗೆ ದಾಟಿದ.
(ಅವನ ಹೊಲ ಇಲ್ಲೇ ಎಲ್ಲೋ ಕೆಳಗಿದೆಯಂತೆ.)
ಕೂಗಬೇಕೆಂದಿದ್ದೆ, ಕೂಗಲಿಲ್ಲ.

ಕಣ್ಣು ಮುಚ್ಚಿತು. ಚಿತ್ರ ಮಾತ್ರ ಈಗಲೇ ಇಲ್ಲ.
ಇನ್ನೂ ನಾಲ್ಕು ನಿಮಿಷ ಯಂತ್ರ
ಮುಚ್ಚಿದ ರೆಪ್ಪೆಯೊಳಗೆ ತನ್ನ ಕತ್ತಲನ್ನೇ ನೋಡಿಕೊಂಡು
ತನ್ನದೆಷ್ಟು, ಸಂಜೆಯದೆಷ್ಟು ಎಂದು
ಕಳೆದು ನೋಡುತ್ತದೆ.
ಆ ಲೆಕ್ಕ ನನಗಿನ್ನೂ ಬಂದಿಲ್ಲ.

ಅಷ್ಟರಲ್ಲಿ ಸುತ್ತಿ ಬಂದು, ಹರಗೋಲು ಬೋರಲು ಹಾಕಿ,
ಪಕ್ಕದಲ್ಲಿ ಕುಕ್ಕುರುಗಾಲಲ್ಲಿ ಕೂತ. ಮೀನಿನ ವಾಸನೆ, ಹೊಗೆಯ ವಾಸನೆ.
"ಬಂತೇನ್ರಿ?"
"ತಡೀರಿ."
"ತಡದೀವಲ್ಲ."

ಬಂತು. ನೀರು ಕೆನೆಗಟ್ಟಿದ ಹಾಲು.
ಜಾಲಿಯ ಒಂದೊಂದು ಮುಳ್ಳೂ ಇದೆ.
ಬೆಳ್ಳಕ್ಕಿಯ ಕಾಲಿದೆ, ಕುತ್ತಿಗೆ ಬರೀ ಹೊಗೆ.
ಮಲಿಕಸಾಬ ಬೆರಳಿಟ್ಟು ಹುಡುಕಿದ.
"ನಾ ಎಲ್ಲಿ?"
"ನೀವು ನಡದಿದ್ರಿ. ನಡಿಯೋರು ಇದರಾಗ ಉಳಿಯಂಗಿಲ್ಲ."
"ನೀರೂ ನಡದಿತ್ತಲ್ಲ?"

ಹದಿನಾರು ವರ್ಷ ಈ ಕೆಲಸ. ಯಾರೂ ಕೇಳಿರಲಿಲ್ಲ.
ನೀರು ಸರಿದ ಜಾಗಕ್ಕೆ ನೀರೇ ಬರತದ, ಅಂದೆ,
ನಿಮ್ಮ ಹಿಂದ ಯಾರೂ
ಅಲ್ಲಿಗೇ ನಾಲಿಗೆ ಕಚ್ಚಿಕೊಂಡೆ.

ಅವನ ಲಕ್ಷ್ಯ ಇತ್ತ ಇರಲಿಲ್ಲ. ಪರದೆಗೆ ಮೂಗು ತಾಗಿಸಿ
"ಇದೇನಿದು?" ಅಂದ.
ಹಾಲಿನ ಮೇಲೆ, ಈ ಅಂಚಿನಿಂದ ಆ ಅಂಚಿಗೆ
ಕೂದಲೆಳೆಯಷ್ಟು ಕೆಂಪು ಗೆರೆ,
ಸುತ್ತು ಸುತ್ತಾಗಿ, ನಡುನಡುವೆ ಗಂಟುಗಟ್ಟಿ ಹೊಳೆದದ್ದು.
ಗಂಟು ಎಣಿಸಿದ. ಒಂಬತ್ತು.
ಕಿವಿಯ ಸಂದಿಯಿಂದ ಮೋಟು ಬೀಡಿ ತೆಗೆದು ತೋರಿಸಿದ:
"ಒಂಬತ್ತ ದಮ್ಮು. ಖರೇನ.
ಹತ್ತನೇದು ದಂಡಿಗೆ ಬಂದ ಎಳದೆ."