ನಂಬರು ನಲವತ್ತೇಳು

ಸಾಂಗಲಿಯ ಅಡತಿ ಹಿಂದಿನ ಓಣಿ. ಎರಡು ಮೇಜು,
ಒಂದು ಕಪಾಟು. ಚಹಾದ ಕೆನೆಯ ಮೇಲೂ ಅರಿಷಿಣದ ಧೂಳು.

ಪೆನ್ನು ಮುಟ್ಟಬೇಡ ಅಂತ ಕಲಿಸಿದವರು
ಜತ್ತದ ಗುರಬಸವ್ವ ಬಾಯಿ:
"ಶಾಯಿ ತಾನೂ ಏರತೈತಿ, ಸುಳ್ಳ ಸಾಕ್ಷಿ ಹೇಳತೈತಿ.
ಪೆನ್ಸಿಲ್ಲಿಲೆ ಗೆರಿ ಹೊಡಿ, ಕುಂತಲ್ಲೇ ಕುಂದರತೈತಿ."

ಸಿಲಿಕಾ ಬಳಿದ ತಗಡು. ಕೂದಲೆಳೆಯಂಥ
ಗಾಜಿನ ತುದಿಯಿಂದ ಒಂದು ಚುಕ್ಕಿ. ಆರಲಿ.
ಅದರ ಪಕ್ಕ ಗೊತ್ತಿರುವ ಶುದ್ಧದ್ದು.
ಜಾಡಿಯ ತಳದಲ್ಲಿ ಉಗುರು ಮುಳುಗುವಷ್ಟು ಕ್ಲೋರೋಫಾರ್ಮ್,
ನಾಲ್ಕು ಹನಿ ಮೆಥನಾಲ್.
ಚುಕ್ಕಿ ಮಾತ್ರ ಮುಳುಗಬಾರದು.

ಆಮೇಲೆ ಕೆಲಸವಿಲ್ಲ.
ಹಳ್ಳ ದಾಟುವವಳ ಸೀರೆಯಂಚಿಗೆ ನೀರು ಹತ್ತುವ ಹಾಗೆ
ಒದ್ದೆ ಮೇಲೇರುತ್ತದೆ.
ಸಿಲಿಕಾವನ್ನು ಬಿಗಿಯಾಗಿ ಹಚ್ಚಿಕೊಂಡದ್ದು ಹಿಂದುಳಿಯುತ್ತದೆ.
ಒಂದೇ ಅಂದುಕೊಂಡಿದ್ದ ಹಳದಿ ಮೂರಾಗಿ ಬಿಡಿಸಿಕೊಳ್ಳುತ್ತದೆ,
ಒಂದೇ ಕೊಂಬಿನ ಅಕ್ಕತಂಗಿಯರು.

ಇವತ್ತಿನ ನಲವತ್ತೇಳರಲ್ಲಿ ಮೂವರೂ ಏರಿದರು.
ನಾಲ್ಕನೆಯದೊಂದು
ಗೆರೆ ಬಿಟ್ಟು ಕದಲಲಿಲ್ಲ, ಕಣ್ಣು ಕುಕ್ಕುವ ಹಳದಿ.
ಬಟ್ಟೆಗೆ ಹಾಕುವ ಬಣ್ಣ.

ನಂಬರಿನ ಹಿಂದಿರುವ ಅಂಗಡಿ ನನಗೆ ಗೊತ್ತಿರಬಾರದು.
ಪೊಟ್ಟಣದ ಗುಲಾಬಿ ದಾರ ಗೊತ್ತಿತ್ತು.
ಹೋದ ಸೋಮವಾರ ಚಂಪಾಳ ಅರಿಷಿಣ ಹಚ್ಚುವ ಶಾಸ್ತ್ರಕ್ಕೆ
ಅಂಥದೇ ಒಂದು ಕೇಜಿ ನಾನೇ ಹೊತ್ತು ತಂದಿದ್ದೆ.
ಮೂರು ಸಲ ತೊಳೆದರೂ ಹೋಗವಲ್ದು, ಎಷ್ಟ್ ಚಂದ ಹಿಡದೈತಿ ಅಂತ
ಹೆಂಗಸರೆಲ್ಲ ಅವಳ ಗಲ್ಲ ಮುಟ್ಟಿ ನೋಡಿದ್ದರು.

ಸ್ಕೇಲು ಹಿಡಿದೆ. ಚುಕ್ಕಿ ನಡೆದ ದೂರವನ್ನು
ದ್ರಾವಕ ನಡೆದ ದೂರದಿಂದ ಭಾಗಿಸಿದೆ.
ಸೊನ್ನೆ ಬಿಂದು ಸೊನ್ನೆ ಎರಡು.
ಇದನ್ನು ಪೆನ್ನಿನಿಂದ ಬರೆದೆ.